ಪ್ರಚಾರದ ಹಾಡು ಮತ್ತು ಹನ್ನೊಂದು ಓದುಗರು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆನ್ಸು ಉಜ್ಜುತ್ತಿದ್ದ ಆಕೆಯನ್ನು ಅಲ್ಲಿ ಎಲ್ಲರೂ ಹೆಡ್‌ಫೋನ್ ಅಕ್ಕ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಇತ್ತು. ಮುಂದಿನ ಕೌಂಟರಿನಿಂದ ಒಂದೊಂದೇ ಟ್ರೇ ಒಳಗೆ ಬರುತ್ತಿತ್ತು. ಅದರಲ್ಲಿ ಗಿರಾಕಿ ಆರಿಸಿದ ಫ್ರೇಮು, ಎರಡು ದುಂಡನೆಯ ಲೆನ್ಸು, ಒಂದು ಚೀಟಿ. ಚೀಟಿಯಲ್ಲಿ ಕಣ್ಣಿನ ಪವರು, ಎರಡು ಕಣ್ಣುಪಾಪೆಗಳ ನಡುವಿನ ಅಂತರ. ಆಕೆ ಲೆನ್ಸಿನ ನಡುವನ್ನು ಹುಡುಕಿ ಶಾಯಿಯ ಚುಕ್ಕೆಯಿಟ್ಟು, ನೀರು ಚಿಮ್ಮುತ್ತ ತಿರುಗುವ ಸಾಣೆಕಲ್ಲಿಗೆ ಅದರ ಅಂಚನ್ನು ಹಿಡಿದು ಫ್ರೇಮಿನ ಆಕಾರಕ್ಕೆ ತರುತ್ತಿದ್ದಳು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆಸಿಡಿತ. ಆಕೆಯ ಕೈಯಿಂದ ಹೋದ ಕನ್ನಡಕ ಮಾತ್ರ ಹಾಗೆ ವಾಪಸ್ಸು ಬಂದದ್ದು ಕಡಿಮೆ.

ಯಂತ್ರದ ಗರಗರ ತಡೆಯಲು ಕೊಟ್ಟಿದ್ದ ಹೆಡ್‌ಫೋನಿನಲ್ಲಿ ಆಕೆ ಹಾಡು ಕೇಳುತ್ತಿದ್ದಳು. ಅದೂ ಒಂದೇ ಕಿವಿಯಲ್ಲಿ. ಎಂಟನೇ ವಯಸ್ಸಿನಲ್ಲಿ ಬಂದ ಜ್ವರ ಎಡಗಿವಿಯನ್ನು ಕರೆದುಕೊಂಡೇ ಹೋಗಿತ್ತು. ಯಾರಾದರೂ ಏನಾದರೂ ಅಂದಾಗ "ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಟ್ಟುಬಿಡು ಮಗಳೇ" ಎಂದು ಅಮ್ಮ ಸಮಾಧಾನ ಹೇಳುತ್ತಿದ್ದಳು. "ಬಿಡೋದಕ್ಕೆ ಇನ್ನೊಂದು ಎಲ್ಲಿದೆಯಮ್ಮ?" ಎಂದು ಇವಳು ನಗುತ್ತಿದ್ದಳು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಈಗ ಅವಳೊಬ್ಬಳೇ. ಒಳಹೊಕ್ಕ ಮಾತು ಒಳಗೇ ಉಳಿಯುತ್ತಿತ್ತು.

ಹಾಗೆ ಉಳಿದದ್ದನ್ನು ಎಲ್ಲಾದರೂ ಇಳಿಸಬೇಕಲ್ಲ? ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ಇಂಟರ್ನೆಟ್ಟಿನಲ್ಲಿ ಒಂದು ಪುಟ ಬರೆಯುತ್ತಿದ್ದಳು. ಅದಕ್ಕೆ 'ಒಂದು ಕಿವಿಯ ಅಭಿಪ್ರಾಯ' ಎಂದು ಹೆಸರು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟಿ, ತಾವೇ ರೆಕಾರ್ಡ್ ಮಾಡಿ, ತಾವೇ ಬಿಡುಗಡೆ ಮಾಡುವ ಇಂಡಿ ತಂಡಗಳ ಹೊಸ ಹಾಡುಗಳ ಬಗ್ಗೆ ಬರೆಯುವುದು. ಬರೆಯುತ್ತ ಬರೆಯುತ್ತ ಊರಿನ ರಾಜಕೀಯಕ್ಕೂ ಕೈ ಹಾಕುವುದು. ಓದುಗರು ಹನ್ನೊಂದು ಜನ. ಹನ್ನೊಂದು ಎಂದರೆ ಹನ್ನೊಂದೇ. ಒಂದು ವಾರ ಹನ್ನೆರಡಾಗಿತ್ತು. ಎರಡು ಸಲ ತೆರೆದವಳು ತಾನೇ ಎಂದು ಆಮೇಲೆ ಗೊತ್ತಾಯಿತು.

"ಈ ವಾರ ಬಂದ ನಾಲ್ಕು ಹಾಡುಗಳಲ್ಲಿ ಮೂರನ್ನು ಒಂದೇ ಡ್ರಮ್ ಮಷೀನು ಹೆತ್ತಂತಿದೆ" ಎಂದು ಬರೆಯುತ್ತಿದ್ದಳು. "ನಾಲ್ಕನೆಯದನ್ನು ದೋಣಿ ರಿಪೇರಿ ಮಾಡುವವನೊಬ್ಬ ತನ್ನ ಶೆಡ್ಡಿನಲ್ಲೇ ಹಾಡಿದ್ದಾನೆ. ಹಿಂದೆ ಯಾರದೋ ಸುತ್ತಿಗೆ ಕೇಳುತ್ತದೆ. ತಾಳಜ್ಞಾನ ಹಾಡುಗಾರನಿಗಿಂತ ಸುತ್ತಿಗೆಯವನಿಗೇ ಚೆನ್ನಾಗಿದೆ. ಆದರೂ ನನಗೆ ಹಿಡಿಸಿತು. ಇವನಿಗೆ ಯಾರನ್ನೂ ಮೆಚ್ಚಿಸುವ ಆತುರವಿಲ್ಲ."

ಆ ವರ್ಷ ನಗರಸಭೆಯ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಚುನಾವಣೆ. ಕಣದಲ್ಲಿ ಲೆಕ್ಕಕ್ಕೆ ಬರುವವರು ಇಬ್ಬರು. ಹದಿನಾಲ್ಕು ಬಸ್ಸುಗಳ ಒಡೆಯ ಬಸ್ ಸಾಹುಕಾರರು ಒಬ್ಬರು. ಶಾಲೆಯಿಂದ ನಿವೃತ್ತರಾದ ಟೀಚರಮ್ಮ ಇನ್ನೊಬ್ಬರು. ಅವರ ಬಗ್ಗೆಯೂ ಬರೆದಳು: "ಸಾಹುಕಾರರು ಮೊನ್ನೆಯ ಭಾಷಣದಲ್ಲಿ ಹದಿನೇಳು ಸಲ 'ಬದಲಾವಣೆ' ಎಂದರು. ಒಂದೇ ಸ್ವರವನ್ನು ಹದಿನೇಳು ಸಲ ಒತ್ತಿದರೆ ಅದು ಹಾಡಲ್ಲ, ಕಾಲಿಂಗ್ ಬೆಲ್ಲು. ಟೀಚರಮ್ಮನ ಭಾಷಣಕ್ಕೆ ಪಲ್ಲವಿಯೇ ಇಲ್ಲ, ಬರೀ ಚರಣ. ಆದರೆ ಮುಗಿದ ಮೇಲೆ 'ಏನಾದ್ರೂ ಕೇಳೋದಿದ್ರೆ ಕೇಳಿ' ಅಂದು ನಿಲ್ಲುತ್ತಾರೆ. ನನ್ನ ವೋಟು ನಿಲ್ಲುವವರಿಗೆ."

ಇದನ್ನು ಆಕೆಯ ತಮ್ಮ ಓದುತ್ತಿರಲಿಲ್ಲ. ಅವನು ಸಾಹುಕಾರರ ಬಸ್ ಡಿಪೋದಲ್ಲಿ ಗುಮಾಸ್ತ. ಈಗ ಆ ಭಾಗದ ಪ್ರಚಾರದ ಉಸ್ತುವಾರಿಯೂ ಅವನೇ. ಗೆದ್ದರೆ ಡಿಪೋದ ಮೇಲ್ವಿಚಾರಕನನ್ನಾಗಿ ಮಾಡುವುದಾಗಿ ಸಾಹುಕಾರರು ಮಾತು ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ತಪ್ಪದೆ ಅಕ್ಕನ ಮನೆಗೆ ಬರುತ್ತಿದ್ದ. ಸೋರುವ ನಲ್ಲಿಗೆ ವಾಷರು ಹಾಕುವನು, ಕಾಫಿ ಕುಡಿಯುವನು, ರಾಜಕೀಯಕ್ಕೆ ಜಗಳವಾಡುವನು. "ನಿನ್ನ ಟೀಚರಮ್ಮ ಗೆದ್ರೆ ಊರಿಗೆಲ್ಲ ಹೋಂವರ್ಕ್ ಕೊಡ್ತಾರೆ ನೋಡ್ತಿರು" ಎನ್ನುವನು. "ನಿನ್ನ ಸಾಹುಕಾರ್ರು ಗೆದ್ರೆ ಊರೇ ಫುಟ್‌ಬೋರ್ಡ್ ಮೇಲೆ ನೇತಾಡುತ್ತೆ" ಎನ್ನುವಳು ಇವಳು. ಆ ಎರಡು ಗಂಟೆಯ ಜಗಳವೇ ಅವಳ ವಾರದ ಮಾತುಕತೆಯ ಮುಕ್ಕಾಲು ಪಾಲು.

ಚುನಾವಣೆಗೆ ಮೂರು ವಾರ ಇರುವಾಗ, ಒಂದು ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ಕರೆಂಟು ಹೋಯಿತು. ಯಂತ್ರ ನಿಂತಿತು. ಹೆಡ್‌ಫೋನ್ ತೆಗೆದು ಕೈ ಒರೆಸಿಕೊಳ್ಳುತ್ತಿದ್ದಾಗ ಬೀದಿಯಲ್ಲಿ ಪ್ರಚಾರದ ವ್ಯಾನು ಬಂತು. ಅದರ ಧ್ವನಿವರ್ಧಕದಿಂದ ಸಾಹುಕಾರರ ಹೊಸ ಹಾಡು. ಬ್ಯಾಂಡು, ಕಹಳೆ, ನೂರು ಜನರ ಕೋರಸ್ಸು, 'ಬನ್ನಿ ಬದಲಾಗೋಣ' ಎಂಬ ಸಾಲು. ಮೊದಲ ಸಾಲು ಮುಗಿಯುವಷ್ಟರಲ್ಲಿ ಆಕೆ ನೀರು ತೊಟ್ಟಿಕ್ಕುವ ಏಪ್ರನ್ನಿನಲ್ಲೇ ಬೀದಿಗಿಳಿದು ವ್ಯಾನಿನ ಹಿಂದೆ ನಡೆಯತೊಡಗಿದ್ದಳು.

ಅದು ಲಾಂಡ್ರಿಯವರ ಟ್ಯೂನು!

ಲಾಂಡ್ರಿಯವರು ಎಂದರೆ ಇಬ್ಬರು ಹೆಂಗಸರ ತಂಡ. ಹಗಲು ಇಬ್ಬರೂ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಒಬ್ಬಳು ಹಾಡುವಳು, ಇನ್ನೊಬ್ಬಳು ಅಕಾರ್ಡಿಯನ್ ನುಡಿಸುವಳು. ಒಂದೂವರೆ ವರ್ಷದ ಹಿಂದೆ ಆರು ಹಾಡು ಬಿಡುಗಡೆ ಮಾಡಿದ್ದರು. ಲೋಕದಲ್ಲಿ ಅದನ್ನು ಕೇಳಿದವರು ಇನ್ನೂರು ಜನ ಇದ್ದಾರೋ ಇಲ್ಲವೋ. ಇವಳು ಮಾತ್ರ ಆ ಆರು ಹಾಡಿನ ಮೇಲೆ ನಾಲ್ಕು ವಾರ ಬರೆದಿದ್ದಳು. ಮೂರನೆಯ ಹಾಡಿನಲ್ಲಿ ತಾಳದ ಐದನೇ ಪೆಟ್ಟಿನಲ್ಲಿ ದನಿ ಒಂದು ಕ್ಷಣ ತಡವರಿಸಿ ಮುಂದೆ ಹೋಗುತ್ತದೆ. "ಬಾಗಿಲು ತಟ್ಟಲು ಹೋದ ಕೈ ಹಿಂಜರಿದ ಹಾಗೆ" ಎಂದು ಬರೆದಿದ್ದಳು. ಈಗ ನೂರು ಜನರ ಕೋರಸ್ಸು ಕೂಡ ಸರಿಯಾಗಿ ಅಲ್ಲೇ ತಡವರಿಸುತ್ತಿತ್ತು. ಕದ್ದವನಿಗೆ ಅದನ್ನು ಸರಿ ಮಾಡುವಷ್ಟೂ ವ್ಯವಧಾನ ಇರಲಿಲ್ಲ ಎಂದುಕೊಂಡಳು.

ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಫೋನಿನಲ್ಲೇ ಬರೆದಳು. ಎರಡೂ ಹಾಡಿನ ತುಣುಕುಗಳನ್ನು ಪಕ್ಕಪಕ್ಕ ಇಟ್ಟು, ಕೆಳಗೆ: "ಬದಲಾವಣೆ ತರುತ್ತೇನೆ ಎನ್ನುವವರು ಮೊದಲು ಟ್ಯೂನನ್ನಾದರೂ ಬದಲಾಯಿಸಬಹುದಿತ್ತು. ಇಸ್ತ್ರಿಪೆಟ್ಟಿಗೆ ಹಿಡಿದ ಇಬ್ಬರು ಹೆಣ್ಣುಮಕ್ಕಳ ಹಾಡನ್ನು ಕೇಳದೆ ಎತ್ತಿಕೊಂಡವರು ನಾಳೆ ನಮ್ಮ ಬೀದಿಯನ್ನೂ ಹಾಗೇ ಎತ್ತಿಕೊಳ್ಳುತ್ತಾರೆ."

ಹನ್ನೊಂದರಲ್ಲಿ ಯಾರೋ ಒಬ್ಬರು ಅದನ್ನು ಚುನಾವಣೆಯ ವಾಟ್ಸಾಪ್ ಗುಂಪುಗಳಿಗೆ ಕಳಿಸಿ, ಅಂಗಡಿ ಮುಚ್ಚುವ ಹೊತ್ತಿಗೆ ನಾಲ್ಕು ಸಾವಿರ ಜನ ಓದಿದ್ದರು.

ಮರುದಿನ ಟೀಚರಮ್ಮನ ಕಡೆಯವರು ಅವಳ ಬರಹವನ್ನೇ ಕರಪತ್ರ ಮಾಡಿ ಹಂಚಿದರು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಬಸ್ಸಿನಲ್ಲಿ ಪಕ್ಕದವರು ತನ್ನ ಸಾಲನ್ನು ಜೋರಾಗಿ ಓದುತ್ತಿದ್ದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಆದರೆ ಬಂದ ಆರುನೂರು ಪ್ರತಿಕ್ರಿಯೆಗಳನ್ನೂ ಕೂತು ಓದಿದಳು. ಕಳ್ಳ, ಸುಳ್ಳಿ, ಮಾರಿಕೊಂಡವಳು, ವೀರವನಿತೆ, ಎಲ್ಲ ಇತ್ತು. ಆ ಹಾಡನ್ನು ಕೇಳಿದೆ, ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದು ಬರೆದವರು ಒಬ್ಬರೂ ಇಲ್ಲ. ಮನೆಗೆ ನಾಲ್ಕು ಸಾವಿರ ಜನ ನುಗ್ಗಿ, ಯಾರೂ ಕೂರದೆ, ಅವರವರಲ್ಲೇ ಬೈದಾಡಿಕೊಂಡು ಹೊರಟುಹೋದಂತಿತ್ತು. ಆ ಗದ್ದಲದಲ್ಲಿ ಹಳೆಯ ಹನ್ನೊಂದು ಜನ ಎಲ್ಲಿ ಹೋದರೋ ಕಾಣಲಿಲ್ಲ.

ಶನಿವಾರವೇ ತಮ್ಮ ಬಂದ. ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತ.

"ಬರೆದಿದ್ದು ನೀನೇನಾ?"

"ನಾನೇ. ಒಳಗೆ ಬಾ."

"ಇಷ್ಟು ದಿನ ಅದನ್ನ ಯಾರು ಓದ್ತಾರೆ ಬಿಡು ಅಂತಿದ್ದೆ. ಈಗ ಊರೇ ಓದ್ತಿದೆ. ಸಾಹುಕಾರ್ರು ನನ್ನ ಕರೆಸಿ, ನಿಮ್ಮಕ್ಕನಂತೆ ಅಂದ್ರು. ನಾನು ಮುಖ ಎಲ್ಲಿಡ್ಲಿ?"

"ಕದ್ದಿದ್ದು ಅವರು. ಮುಖ ಅವರು ಮುಚ್ಕೋಬೇಕು."

"ಕದ್ದಿದ್ದು ಅಂತ ನಿಂಗ್ಯಾರು ಹೇಳಿದ್ರು? ಕಾಗದ ಇದೆ ಅಕ್ಕ. ಆ ಹೆಂಗಸರೇ ಸಹಿ ಹಾಕಿ ಕೊಟ್ಟಿದಾರೆ. ಸಹಿ ಹಾಕಿಸ್ಕೊಂಡು ಬಂದವನೇ ನಾನು!"

ಅವಳು ನಂಬಲಿಲ್ಲ. "ಹೆದರಿಸಿ ಹಾಕಿಸ್ಕೊಂಡಿರ್ತೀರಿ" ಎಂದುಬಿಟ್ಟಳು.

ತಮ್ಮ ಮೆಟ್ಟಿಲ ಕಡೆ ತಿರುಗಿದ. "ಹೆದರಿಸಿ," ಎಂದ. "ನಾನು. ಹೂಂ." ಮತ್ತೆ ಮೆಟ್ಟಿಲಿಳಿಯುತ್ತ, ತಿರುಗದೆ ಹೇಳಿದ: "ನಿನ್ನ ಹಾಡಿಗಾದ್ರೆ ನಾಲ್ಕು ವಾರ ಕಿವಿ ಕೊಡ್ತೀಯ. ನಂಗೆ ಒಂದು ಫೋನ್ ಮಾಡಿ ಕೇಳೋಕಾಗ್ಲಿಲ್ಲ."

ಮರುದಿನ ಭಾನುವಾರ ಕಾಫಿ ಎರಡು ಲೋಟಕ್ಕಾಗುವಷ್ಟು ಮಾಡಿ, ಎರಡನ್ನೂ ಅವಳೇ ಕುಡಿದಳು.

ಸೋಮವಾರ ಅಂಗಡಿಯ ಯಜಮಾನರು ಒಳಕೋಣೆಗೆ ತಲೆ ಹಾಕಿ, "ಯಾರೋ ನಿನ್ನ ಕೇಳ್ಕೊಂಡು ಬಂದಿದಾರಮ್ಮ. ರಾಜಕೀಯದವರಾದ್ರೆ ಹೊರಗೇ ಮಾತಾಡು. ಎರಡು ಪಾರ್ಟಿಯವರಿಗೂ ಕಣ್ಣು ಮಂಜಾಗುತ್ತೆ, ಎರಡೂ ಕಡೆ ಗಿರಾಕಿ ಬೇಕು ನನಗೆ" ಎಂದರು.

ಬಂದವಳು ಐವತ್ತರ ಆಸುಪಾಸಿನ ಹೆಂಗಸು. ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಹಳೇ ಸುಟ್ಟಗಾಯ. ಬಾಯಿ ತೆರೆದದ್ದೇ ತಡ, ಯಾರೆಂದು ಹೆಡ್‌ಫೋನ್ ಅಕ್ಕನಿಗೆ ಗೊತ್ತಾಗಿಹೋಯಿತು. ಆ ದನಿಯನ್ನು ಅವಳು ಸಾವಿರ ಸಲವಾದರೂ ಕೇಳಿದ್ದಳು.

"ಒಂದು ಕಿವಿಯವರು ನೀವೇನಾ?"

"ಹೌದು. ನೀವು... ಕೂತ್ಕೊಳ್ಳಿ." ಸ್ಟೂಲಿನ ಮೇಲಿನ ಟ್ರೇಗಳನ್ನು ತೆಗೆಯುವ ಗಡಿಬಿಡಿಯಲ್ಲಿ ಒಂದು ಫ್ರೇಮು ಕೆಳಗೆ ಬಿತ್ತು. ಹಾಡುವ ಹೆಂಗಸೇ ಅದನ್ನು ಎತ್ತಿಕೊಟ್ಟಳು.

"ನೀವು ಬರೆದಿದ್ದೆಲ್ಲ ಓದಿದೀವಿ. ಆ ನಾಲ್ಕು ವಾರದ್ದನ್ನ ಪ್ರಿಂಟ್ ತೆಗೆಸಿ ಲಾಂಡ್ರಿ ಗೋಡೆಗೆ ಅಂಟಿಸಿದೀವಿ. ಅದಕ್ಕೇ ಮುಖ ನೋಡಿ ಹೇಳೋಣ ಅಂತ ಬಂದೆ. ಹಾಡು ನಾವೇ ಕೊಟ್ಟಿದ್ದು."

"ಯಾರಾದ್ರೂ ಹೆದರಿಸಿದ್ರಾ?"

"ಹೆದರಿಸೋದಾ? ಡಿಪೋದಿಂದ ಬಂದ ಮನುಷ್ಯ ಮೂರು ಸಲ ಕೇಳಿದ, ಯೋಚನೆ ಮಾಡಿದೀರಾ ಅಂತ. ಟೀ ಕುಡಿದು ಹೋದ. ಎರಡನೇ ರೆಕಾರ್ಡಿಗೆ ಒಳ್ಳೇ ಸ್ಟುಡಿಯೋ ಬೇಕಿತ್ತು ನಮಗೆ. ಸಾಹುಕಾರ್ರಿಗೆ ಟ್ಯೂನ್ ಬೇಕಿತ್ತು. ಅಷ್ಟೇ ಕಥೆ."

ಅವಳು ಬಿದ್ದ ಫ್ರೇಮನ್ನು ಟ್ರೇಗೆ ಇಟ್ಟಳು.

"ಈಗ ದಿನಾ ಒಬ್ಬೊಬ್ಬರು ಬರ್ತಿದಾರೆ" ಎಂದಳು ಹಾಡುವವಳು. "ಟೀಚರಮ್ಮನ ಕಡೆಯವರು, ಅಳ್ತಾ ಒಂದು ವೀಡಿಯೋ ಮಾಡಿ ಕೊಡಿ ಅಂತಾರೆ. ಸಾಹುಕಾರ್ರ ಕಡೆಯವರು, ನಗ್ತಾ ಒಂದು ಮಾಡಿ ಕೊಡಿ ಅಂತಾರೆ. ಲಾಂಡ್ರಿ ಯಜಮಾನ್ರು, ಇದೆಲ್ಲ ಇದ್ರೆ ಕೆಲಸಕ್ಕೆ ಬರಬೇಡಿ ಅಂತಿದಾರೆ. ನೀವು ನಮ್ಮ ಪರವಾಗೇ ಬರೆದ್ರಿ, ಗೊತ್ತು. ಆದ್ರೆ ನಮ್ಮನ್ನ ಒಂದು ಮಾತು ಕೇಳಬಹುದಿತ್ತಲ್ವಾ?"

ಮೂರು ದಿನದಲ್ಲಿ ಇಬ್ಬರು ಅದೇ ಮಾತು ಹೇಳಿದ್ದರು.

"ತಪ್ಪಾಯ್ತು" ಎಂದಳು. "ಇವತ್ತೇ ಬರೀತೀನಿ."

"ಬರೀರಿ." ಹಾಡುವವಳು ಎದ್ದು, ಬಾಗಿಲಲ್ಲಿ ನಿಂತು ಸ್ವಲ್ಪ ನಕ್ಕಳು. "ಇನ್ನೊಂದು ವಿಷಯ. ಆ ಐದನೇ ಪೆಟ್ಟು, ಬಾಗಿಲು ತಟ್ಟೋ ಕೈ ಅಂತ ಬರೆದಿದ್ರಲ್ಲ. ಅದು ಕೈಯೂ ಅಲ್ಲ, ಬಾಗಿಲೂ ಅಲ್ಲ. ಕೆಮ್ಮು ಬಂತು, ತಡ್ಕೊಂಡೆ. ನೀವು ಬರೆದ ಮೇಲೆ ಅದನ್ನ ಹಾಗೇ ಹಾಡೋದು ಅಭ್ಯಾಸ ಮಾಡ್ಕೊಂಡ್ವಿ."

ಅಂದೇ ತಿದ್ದುಪಡಿ ಬರೆದಳು. ಸುತ್ತಿ ಬಳಸದೆ, "ನಾನು ಕೇಳದೆ ಬರೆದೆ. ಹಾಡನ್ನು ಅದರ ಒಡತಿಯರೇ ಕೊಟ್ಟಿದ್ದರು. ಸಾಹುಕಾರರ ಮೇಲೆ ಮಾಡಿದ ಕಳ್ಳತನದ ಆರೋಪ ಸುಳ್ಳು. ಅವರ ಭಾಷಣದ ಬಗ್ಗೆ ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ" ಎಂದು. ಮೊದಲನೆಯದನ್ನು ಓದಿದ ನಾಲ್ಕು ಸಾವಿರ ಜನರಲ್ಲಿ ಇದನ್ನು ಓದಿದವರು ಎಪ್ಪತ್ತು ಮಂದಿ. ಅವರಲ್ಲಿ ಮೂವತ್ತು ಮಂದಿ, ಸಾಹುಕಾರರು ಎಷ್ಟು ಕೊಟ್ಟರು ಎಂದು ಕೇಳಿದರು. ಕರಪತ್ರ ಮಾತ್ರ ಹಂಚಿಕೆಯಾಗುತ್ತಲೇ ಇತ್ತು. ಸುಳ್ಳು ಊರು ಸುತ್ತಿ ಬರುವಷ್ಟರಲ್ಲಿ ನಿಜ ಇನ್ನೂ ಚಪ್ಪಲಿ ಹುಡುಕುತ್ತಿರುತ್ತದೆ ಎನ್ನುವುದನ್ನು ಅವಳು ಬೇರೆಯವರ ವಿಷಯದಲ್ಲಿ ಎಷ್ಟೋ ಸಲ ಹೇಳಿದ್ದಳು. ಟೀಚರಮ್ಮನ ಕಚೇರಿಗೆ ತಾನೇ ಹೋಗಿ ಕರಪತ್ರ ನಿಲ್ಲಿಸಲು ಹೇಳಿದಳು. ಅಲ್ಲಿದ್ದ ಯುವಕ ನಯವಾಗಿ, "ಮೇಡಂಗೆ ಹೇಳ್ತೀವಿ" ಎಂದು ಚೀಟಿಯ ಮೇಲೆ ಬರೆದುಕೊಂಡ. ಆ ಚೀಟಿ ಮೇಜಿನ ಮೇಲಿದ್ದ ಕರಪತ್ರದ ಕಟ್ಟಿನದೇ ಒಂದು ಹಾಳೆಯ ಹಿಂಬದಿ.

ತಮ್ಮನಿಗೆ ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಅವನ ಹೆಂಡತಿ ಒಮ್ಮೆ ಎತ್ತಿ, "ಊಟಕ್ಕೂ ಬರ್ತಿಲ್ಲ ಅತ್ತಿಗೆ, ಪ್ರಚಾರ ಪ್ರಚಾರ ಅಂತ ಓಡಾಡ್ತಿದಾರೆ. ಹೇಳ್ತೀನಿ" ಎಂದಳು.

ಮತದಾನದ ದಿನ ಬೆಳಿಗ್ಗೆ ಎಂಟಕ್ಕೇ ಶಾಲೆಯ ಮತಗಟ್ಟೆಗೆ ಹೋದಳು. ರಸ್ತೆಯಾಚೆ ಎರಡೂ ಪಕ್ಷಗಳ ಮೇಜುಗಳು. ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ಕ್ರಮಸಂಖ್ಯೆಯ ಚೀಟಿ ಬರೆದುಕೊಡುವುದು ಆ ಮೇಜುಗಳವರ ಕೆಲಸ. ಟೀಚರಮ್ಮನ ಮೇಜಿನ ಮುಂದೆ ಜನ ಕಡಿಮೆಯಿದ್ದರು. ಅವಳು ಸಾಹುಕಾರರ ಮೇಜಿನ ಸಾಲಿನಲ್ಲೇ ನಿಂತಳು. ಅಲ್ಲಿ ತಮ್ಮ ಕೂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಅವಳ ಸರದಿ ಬಂದಾಗ ತಲೆಯೆತ್ತಿ ನೋಡಿದ. ಹೆಸರು ಕೇಳದೆ ಪಟ್ಟಿಯ ಮೇಲೆ ಬೆರಳಾಡಿಸಿದ. ಸಂಖ್ಯೆ ಬರೆದು ಚೀಟಿ ಚಾಚಿದ.

"ಮುನ್ನೂರ ನಲವತ್ತೊಂದು. ತಗೊಳ್ಳಿ" ಎಂದ.

ಹುಟ್ಟಿದಾಗಿನಿಂದ 'ತಗೋ ಅಕ್ಕ' ಎಂದವನು. ತಗೊಳ್ಳಿ ಎಂದರೆ ಮರ್ಯಾದೆಯ ಮಾತೇ, ಯಾರೂ ತಪ್ಪು ಹುಡುಕುವಂತಿಲ್ಲ. ಹಿಂದಿನವರು ಮುಂದೆ ಸರಿಯಿರಿ ಎಂದರು. ಅವಳು ಸರಿದಳು. ಒಳಗೆ ಹೋಗಿ, ಮೊದಲೇ ನಿಶ್ಚಯಿಸಿದ್ದಂತೆ ಟೀಚರಮ್ಮನಿಗೇ ವೋಟು ಹಾಕಿದಳು. ತಾನು ತಪ್ಪು ಮಾಡಿದ ಮಾತ್ರಕ್ಕೆ ಅಭಿಪ್ರಾಯ ಬದಲಾಗುವುದಿಲ್ಲವಲ್ಲ. ಆದರೆ ಹೊರಗೆ ಬಂದ ಮೇಲೆ ಶಾಲೆಯ ನಲ್ಲಿಯ ಬಳಿ ಬಹಳ ಹೊತ್ತು ಕೈ ತೊಳೆದಳು.

ಸಾಹುಕಾರರು ಅರವತ್ತೆಂಟು ಮತಗಳಿಂದ ಸೋತರು. ಇಡೀ ಊರಿನ ಲೆಕ್ಕದಲ್ಲಿ ಅದು ಒಂದು ಬಸ್ಸಿನ ಜನ. ಕರಪತ್ರ ಓದಿ ಮನಸ್ಸು ಬದಲಾಯಿಸಿದವರು ಅರವತ್ತೆಂಟು ಮಂದಿ ಇದ್ದರೋ ಇಲ್ಲವೋ, ಯಾರು ಹೇಳಬಲ್ಲರು? ಅಂಗಡಿಯ ಯಜಮಾನರು, "ಬಸ್ ಚಾರ್ಜ್ ಜಾಸ್ತಿ ಮಾಡಿದ್ರು ಅಂತ ಸೋತ್ರು, ನಿನ್ನ ಹಾಡಿಗಲ್ಲ ಕಣಮ್ಮ" ಎಂದರು. ಅವಳು ಗೆಲ್ಲಬೇಕೆಂದು ಬಯಸಿದವರೇ ಗೆದ್ದಿದ್ದರು. ಬೀದಿಯಲ್ಲಿ ಪಟಾಕಿ ಸಿಡಿಯುತ್ತಿದ್ದಾಗ ಆಕೆ ಕಿಟಕಿ ಮುಚ್ಚಿ, ಯಾವ ಹಾಡನ್ನೂ ಹಾಕದೆ ಕೂತಿದ್ದಳು. ಮೇಲ್ವಿಚಾರಕನ ಕೆಲಸ ತಮ್ಮನಿಗೆ ಸಿಗಲಿಲ್ಲ. ಗುಮಾಸ್ತನ ಕುರ್ಚಿ ಉಳಿಯಿತು.

ನಾಲ್ಕು ತಿಂಗಳ ಮೇಲೆ ಲಾಂಡ್ರಿಯವರ ಎರಡನೇ ರೆಕಾರ್ಡು ಬಂತು. ಅವಳು ಆ ದಿನ ರಜೆ ಹಾಕಿ, ಮನೆಯ ಕೆಲಸವನ್ನೆಲ್ಲ ಮುಗಿಸಿ, ಅತಿಥಿಗೆ ಕಾದವಳಂತೆ ಕೂತು ಕೇಳಿದಳು. ಸ್ಟುಡಿಯೋ ಒಳ್ಳೆಯದೇ ಇತ್ತು, ಅನುಮಾನವಿಲ್ಲ. ಉಸಿರಿನ ಸದ್ದು ಎಲ್ಲೂ ಇಲ್ಲ. ಅಕಾರ್ಡಿಯನ್ನಿನ ಸುತ್ತ ಹತ್ತು ವಾದ್ಯ ನಿಂತಿದ್ದವು. ಎಲ್ಲ ಹಾಡನ್ನೂ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಂತಿತ್ತು. ಮೂರು ಸಲ ಕೇಳಿದರೂ ಅವಳಿಗೆ ಹಿಡಿಸಲಿಲ್ಲ.

ಈ ಸಲ ಬರೆಯುವ ಮೊದಲು ಫೋನ್ ಮಾಡಿದಳು. "ಕೇಳಿದೆ. ಸುಳ್ಳು ಹೇಳೋಕೆ ಬರಲ್ಲ. ನನಗೆ ಹಿಡಿಸಲಿಲ್ಲ. ಬರೀಲಾ, ಬಿಡ್ಲಾ?"

ಆ ಕಡೆ ಇಸ್ತ್ರಿಯ ಹಬೆಯ ಸದ್ದು ಬರುತ್ತಿತ್ತು. ಅದು ನಿಂತಿತು. ಹಾಡುವವಳು, "ಬರೀರಿ" ಎಂದಳು. "ಬೇಜಾರಾಗುತ್ತೆ. ಆದ್ರೂ ಬರೀರಿ. ನೀವೂ ಬರೀದಿದ್ರೆ ಅದು ಬಂತು ಅನ್ನೋದೇ ಯಾರಿಗೂ ಗೊತ್ತಾಗಲ್ಲ. ಕೊನೇ ಹಾಡು ಮಾತ್ರ ಇನ್ನೊಂದ್ಸಲ ಕೇಳಿ."

ಕೇಳಿದಳು. ಕೊನೆಯ ಹಾಡಿನಲ್ಲಿ ಕೂಡ ವಾದ್ಯಗಳು ಹೆಚ್ಚೇ ಅನ್ನಿಸಿತು, ಆದರೆ ಸಾಹಿತ್ಯ ಚೆನ್ನಾಗಿತ್ತು. ಎರಡನ್ನೂ ಬರೆದಳು. ಗೋಡೆಗೆ ಇದನ್ನು ಅಂಟಿಸಿದರೋ ಇಲ್ಲವೋ ತಿಳಿಯಲಿಲ್ಲ. ಓದುಗರು ಈಗ ಎಂಟು ಜನ.

ಆ ಎಂಟರಲ್ಲಿ ಒಬ್ಬಳು ತಮ್ಮನ ಮಗಳು. ಹದಿನೇಳು ತುಂಬಿದ ಹುಡುಗಿ. ಅತ್ತೆಯ ಬಳಿ ಹಳೇ ರೆಕಾರ್ಡುಗಳನ್ನು ಕೇಳಲು ಈಗೀಗ ಭಾನುವಾರ ಬರುತ್ತಿದ್ದಳು. ಒಂದು ಭಾನುವಾರ ಬಂದವಳೇ, "ಅತ್ತೆ, ಅವರಿಗೆ ಬೇಜಾರಾಗಲ್ವಾ ಹಾಗೆ ಬರೆದ್ರೆ?" ಎಂದು ಕೇಳಿದಳು.

"ಆಗುತ್ತೆ ಪುಟ್ಟಿ."

"ಅಪ್ಪಂಗೂ ಬೇಜಾರಾಗಿತ್ತು."

"ಗೊತ್ತು. ಹೇಗೆ ಬಂದೆ, ಬಸ್ಸಲ್ಲಾ?"

"ಇಲ್ಲ, ಅಪ್ಪ ಬಿಟ್ರು. ಕೆಳಗೇ ಇದಾರೆ, ಬೀಗದ ಅಂಗಡೀಲಿ ಏನೋ ಕೇಳ್ತಿದಾರೆ."

ಅವಳು ಕಿಟಕಿಗೆ ಹೋದಳು. ತಮ್ಮ ಸ್ಕೂಟರಿಗೆ ಒರಗಿ ಬೀಗದವನೊಡನೆ ಮಾತಾಡುತ್ತಿದ್ದ. ನೆತ್ತಿಯ ಮೇಲೆ ಕೂದಲು ತೆಳ್ಳಗಾಗಿದ್ದು ಮೇಲಿನಿಂದ ಕಾಣುತ್ತಿತ್ತು. ಕೆಳಗೆ ನಿಂತವರಿಗೆ ಅದು ಗೊತ್ತಾಗುವಂತಿರಲಿಲ್ಲ.

"ಕಾಫಿಗೆ ಇಟ್ಟಿದೀನಿ, ಮೇಲೆ ಬರಬೇಕಂತೆ ಅನ್ನು" ಎಂದಳು.

ಹುಡುಗಿ ಮೆಟ್ಟಿಲು ದಡದಡ ಇಳಿದುಹೋದಳು. ಕೆಳಗೆ ಅಪ್ಪ ಮಗಳು ಮಾತಾಡಿದ್ದು ಮೇಲಕ್ಕೆ ಕೇಳಲಿಲ್ಲ. ಅವನು ಒಮ್ಮೆ ಕತ್ತೆತ್ತಿ ಕಿಟಕಿಯ ಕಡೆ ನೋಡಿದ. ಅವಳು ಕೈಯೆತ್ತಿದಳು. ಅವನೂ ಅರ್ಧ ಕೈಯೆತ್ತಿ, ಅದೇ ಕೈಯಲ್ಲಿ ಹೆಲ್ಮೆಟ್ಟು ಹಾಕಿಕೊಂಡ.

ಹುಡುಗಿ ಏದುಸಿರು ಬಿಡುತ್ತ ಬಂದು, "ಇವತ್ತು ಲೇಟಾಗುತ್ತಂತೆ" ಎಂದಳು. ಕೂತು, ತಾನೇ ಒಂದು ರೆಕಾರ್ಡು ಆರಿಸಿ, "ಇದು ಯಾರದು ಅತ್ತೆ?" ಎಂದಳು.

ಒಲೆಯ ಮೇಲೆ ಹಾಲು ಏರುತ್ತಿತ್ತು. ಅವಳು ಉರಿ ತಗ್ಗಿಸಿ, ಯಾರದೆಂದು ಹೇಳತೊಡಗಿದಳು.